ಶನಿಗೆ ಎಣ್ಣೆ ಮಾರದ ಅಕ್ಕ

ಮೊನ್ನೆ ಆಳಂದದಲ್ಲಿ ನಮ್ಮ ಓಣಿಯ ತುದಿಗೆ ಹೊಸದಾಗಿ ತೆರೆದ ಗಾಣದ ಅಂಗಡಿಯಿಂದ ಹೆಂಡತಿ ಒಂದು ಬಾಟಲಿ ಕುಸುಬಿ ಎಣ್ಣೆ ತಂದಳು. ಒಗ್ಗರಣೆಗೆ ಅದು ಕಾಯತೊಡಗಿದ್ದೇ ತಡ, ಮನೆಯೆಲ್ಲ ಆ ವಾಸನೆ. ನಾನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತುಬಿಟ್ಟೆ. ಗ್ಯಾಸ್ ಸೋರುತ್ತಿದೆಯೇ ಎಂದು ಪರೀಕ್ಷಿಸಲು ಬಂದಿದ್ದೇನೆ ಎಂದುಕೊಂಡಳು ಹೆಂಡತಿ. ಅವಳದ್ದು ತಪ್ಪಲ್ಲ, ದಿನಕ್ಕೆ ಮೂರು ಸಲ ಅದನ್ನೇ ಮಾಡುವವನು ನಾನು. ಆದರೆ ಆ ಕ್ಷಣ ನಾನು ನಿಂತಿದ್ದದ್ದು ಅಫಜಲಪುರದಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ, ಎಣ್ಣೆ ಅಂಗಡಿಯ ಅಕ್ಕನ ಮುಂದೆ, ಕೈಯಲ್ಲೊಂದು ಖಾಲಿ ಬಾಟಲಿ ಹಿಡಿದುಕೊಂಡು...

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಊರಿಗೆಲ್ಲ ಅಕ್ಕ. ಐವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ. ಅಪ್ಪನ ಕಾಲದ ಎತ್ತಿನ ಗಾಣ ಹೋಗಿ ಕರೆಂಟಿನ ಗಾಣ ಬಂದಿತ್ತು, ಅಪ್ಪನೂ ಹೋಗಿದ್ದ, ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಮೊಣಕೈಯವರೆಗೆ ಮಿಂಚುವ ಎಣ್ಣೆಗೈ, ಸೊಂಟಕ್ಕೆ ಬಿಗಿದ ಸೆರಗು, ಗಾಣದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ದೊಡ್ಡದಾದ ದನಿ. ನಾನು ಆಗ ಸರ್ಕಾರಿ ಶಾಲೆಯ ವಿಜ್ಞಾನದ ಮೇಷ್ಟ್ರು. ಆ ಅಂಗಡಿಯಿಂದ ನಾಲ್ಕು ಮನೆ ಆಚೆ ತಾಯಿಯೊಂದಿಗೆ ಬಾಡಿಗೆಗಿದ್ದೆ.

ಶನಿವಾರ ಬೆಳಗ್ಗೆ ಊರಿನ ಜನ ಶನಿದೇವರಿಗೆ ಎಣ್ಣೆ ಹಾಕಲು ಗುಡಿಗೆ ಹೋಗುತ್ತಿದ್ದರು. ಉಳಿದ ಅಂಗಡಿಯವರು ಅದಕ್ಕೆಂದೇ ಹಿಂದಿನ ದಿನವೇ ಸಣ್ಣ ಬಾಟಲಿ ತುಂಬಿಸಿಡುತ್ತಿದ್ದರು. ಅಕ್ಕ ಮಾತ್ರ ಶನಿವಾರ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ತಿನ್ನಾಕೋ, ಚೆಲ್ಲಾಕೋ?" ಚೆಲ್ಲಾಕ ಅಂದವರಿಗೆ ಎಣ್ಣೆ ಇಲ್ಲ. ಸುಳ್ಳು ಹೇಳಿದರೂ ಸಿಕ್ಕಿಬೀಳುತ್ತಿದ್ದರು, ಏಕೆಂದರೆ ಮನೆಗೆಂದು ಐವತ್ತು ಗ್ರಾಂ ಎಣ್ಣೆ ಒಯ್ಯುವವರು ಯಾರು? ಜನ ಬೈದರು, ಕೆಲವರು ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಅವಳು ಪ್ರಶ್ನೆ ಬಿಡಲಿಲ್ಲ.

ಆ ಶನಿವಾರ ನಾನು ಹೋದದ್ದು ಚೆಲ್ಲಾಕ.

ಜೇವರ್ಗಿ ತಾಲೂಕಿನ ಅಂದೋಲಾದ ಹುಡುಗಿಯೊಂದಿಗೆ ನನ್ನ ಮದುವೆಯ ಮಾತು ಮುಗಿದಿತ್ತು. ಹುಡುಗಿಯನ್ನು ನೋಡಿದ್ದು ಒಂದೇ ಸಲ, ಕಾಲು ಗಂಟೆ. ಅವಳು ಕೇಳಿದ್ದೂ ಒಂದೇ ಪ್ರಶ್ನೆ: "ನೀವು ಹುಡುಗ್ರಿಗಿ ಹೊಡೀತೀರೇನ್ರಿ?" ಇಲ್ಲ ಅಂದೆ. ಆ ಪ್ರಶ್ನೆಗೇ ನಾನು ಅವಳನ್ನು ಒಪ್ಪಿದ್ದೆ. ಅಷ್ಟರಲ್ಲಿ ನಮ್ಮವ್ವ ಯಾರಿಗೋ ಅವಳ ಜಾತಕ ತೋರಿಸಿದಳು. ಹುಡುಗಿಗೆ ಸಾಡೇಸಾತಿ, ಅಂದರೆ ಶನಿಯ ಏಳೂವರೆ ವರ್ಷದ ಕಾಟ, ಹತ್ತಿದೆ ಎಂದರಂತೆ. ಇಂಥವಳನ್ನು ಮನೆ ತುಂಬಿಸಿಕೊಂಡರೆ ಮಗನ ನೌಕರಿಗೇ ಸಂಚಕಾರ ಎಂದೂ ಹೇಳಿದರಂತೆ. ಸೋಮವಾರ ಸೋದರಮಾವ ಅಂದೋಲಾಕ್ಕೆ ಹೋಗಿ ಮಾತು ಮುರಿದುಕೊಂಡು ಬರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಬದಲಿಗೆ ನನ್ನಂಥವರು ಮಾತ್ರ ಹೂಡಬಲ್ಲ ಒಂದು ಉಪಾಯ ಹೂಡಿದೆ: ಯಾರಿಗೂ ತಿಳಿಯದಂತೆ ಏಳು ಶನಿವಾರ ಹುಡುಗಿಯ ಹೆಸರಲ್ಲಿ ಎಣ್ಣೆ ಹಾಕುವುದು, ಕಾಟ ಸ್ವಲ್ಪ ತಣ್ಣಗಾಗಲೆಂದು ಮದುವೆಯನ್ನು ಮೂರು ವರ್ಷ ಮುಂದಕ್ಕೆ ಹಾಕಿಸುವುದು. ಅದೇ ವಾರ ಏಳನೇ ಕ್ಲಾಸಿಗೆ ಸೌರಮಂಡಲದ ಪಾಠ ಮಾಡಿದ್ದೆ ಎಂಬುದನ್ನೂ ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ.

"ತಿನ್ನಾಕೋ, ಚೆಲ್ಲಾಕೋ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. "ಚೆಲ್ಲಾಕ್ರಿ ಅಕ್ಕಾ" ಅಂದೆ. ಅಂದವನು ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ ಗಾಣ ಬಂದ್ ಮಾಡಿದಳು. ಆ ಅಂಗಡಿಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

"ಮಾಸ್ತರ, ಶನಿ ಸೂರ್ಯನ್ನ ಒಂದು ಸುತ್ತು ಹಾಕಾಕ ಎಷ್ಟು ವರ್ಷ ಬೇಕು?"

"ಇಪ್ಪತ್ತೊಂಬತ್ತೂವರಿ."

ಅವಳು ಹನ್ನೆರಡು ಖಾಲಿ ಡಬ್ಬಿಗಳನ್ನು ನೆಲದ ಮೇಲೆ ದುಂಡಗೆ ಜೋಡಿಸಿ ನಡುವೆ ನನ್ನನ್ನು ನಿಲ್ಲಿಸಿದಳು. ಒಂದು ಹಿಂಡಿಯ ತುಣುಕನ್ನು ಮೊದಲ ಡಬ್ಬಿಯ ಮುಂದಿಟ್ಟಳು. "ಇವು ಹನ್ನೆರಡು ರಾಶಿ. ಇದು ನಿಮ್ಮ ಶನಿ. ಒಂದೊಂದರ ಮುಂದ ಎಷ್ಟು ವರ್ಷ ಇರ್ತಾನ?"

"ಹತ್ತಿರ ಹತ್ತಿರ ಎರಡೂವರಿ."

"ಸಾಡೇಸಾತಿ ಅಂದ್ರ ಶನಿ ನಿನ್ನ ರಾಶಿ ಹಿಂದಿನ ಮನಿ, ನಿನ್ನ ಮನಿ, ಮುಂದಿನ ಮನಿ ದಾಟೂದು. ಮೂರೂ ಕೂಡಿಸು."

ಏಳೂವರೆ.

"ಅಂದ್ರ ಯಾವ ದಿನ ನೋಡಿದ್ರೂ ಹನ್ನೆರಡರಾಗ ಮೂರು ರಾಶ್ಯಾಗ ಇರೋ ಮಂದಿಗಿ ಸಾಡೇಸಾತಿ ಇದ್ದೇ ಇರ್ತದ. ನಾಕು ಮಂದ್ಯಾಗ ಒಬ್ಬರಿಗಿ. ನಿನ್ನ ಕ್ಲಾಸಿನ್ಯಾಗ ಎಷ್ಟು ಹುಡುಗ್ರು ಅದಾರ?"

"ನಲವತ್ತು ಮಂದಿ ಅದಾರ್ರಿ."

"ಹತ್ತು ಮಂದಿಗಿ ಸಾಡೇಸಾತಿ. ಪೇಪರ್ ನೋಡದೇನ ಫೇಲ್ ಮಾಡಿಬಿಡು ಅವರನ್ನ!"

ನಾನು ಪಟ್ಟು ಬಿಡಲಿಲ್ಲ. ಚಿಂತೆ ಮಾಡುವವರಿಗೆ ಚಿಂತೆಯ ಕಾರಣ ಕಳೆದುಕೊಳ್ಳುವುದು ಸುಲಭವಲ್ಲ. ಗುರುತ್ವಾಕರ್ಷಣೆ ಅಂತ ಒಂದಿದೆ, ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಎಳೆಯುತ್ತದೆ, ಅಷ್ಟು ದೊಡ್ಡ ಗ್ರಹ ನಮ್ಮನ್ನು ಸ್ವಲ್ಪವಾದರೂ ಎಳೆಯುವುದಿಲ್ಲವೇ ಎಂದು ಶಾಲೆಯ ದನಿಯಲ್ಲಿ ವಾದಿಸಿದೆ.

"ಎಳೀತಾನ, ಯಾಕ ಎಳೆಯಂಗಿಲ್ಲ?" ಅಕ್ಕ ಎದುರು ಮನೆಯ ಅಂಗಳಕ್ಕೆ ಕೈ ತೋರಿಸಿದಳು. ಅಲ್ಲಿ ಒಂದು ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. "ಕಾಲೇಜಿನ ಫಿಸಿಕ್ಸ್ ಸರ್ ಕಡಿಂದ ಲೆಕ್ಕ ಹಾಕಿಸೇನಿ. ಆ ಎಮ್ಮಿ ಬಾಜೂಕ ಹೋಗಿ ನಿಂತ್ರ, ಶನಿ ಎಳೀಯೂದಕ್ಕಿಂತ ಎಮ್ಮಿ ಎಳೀಯೂದೇ ಜಾಸ್ತಿ. ಎಣ್ಣಿ ಹಾಕಾಬೇಕಂದ್ರ ಅದರ ಮೈಗಿ ಹಚ್ಚು. ಹಾಲಾದ್ರೂ ಕೊಡ್ತದ."

ಆ ರಾತ್ರಿ ನಾನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಎಮ್ಮೆಯೇ ಗೆದ್ದಿತು. ಆದರೆ ಅದಕ್ಕೂ ಮೊದಲು, ಸಂಜೆ, ಅಕ್ಕ ನನ್ನನ್ನು ಮಾಳಿಗೆಗೆ ಕರೆದಿದ್ದಳು. ಎಳ್ಳಮವಾಸ್ಯೆ ಕಳೆದು ಒಂದು ವಾರವಾಗಿತ್ತು, ನೆತ್ತಿಯ ಮೇಲೆ ಅರ್ಧ ಚಂದ್ರನಿದ್ದ. ಪಶ್ಚಿಮಕ್ಕೆ ಶುಕ್ರ, ಮೇಲೆ ಕೆಂಪಗೆ ಮಂಗಳ. ಪುಸ್ತಕದಲ್ಲಿ ಬಣ್ಣದ ಚೆಂಡುಗಳಾಗಿ ನಾನು ಕಲಿಸುತ್ತಿದ್ದವುಗಳನ್ನು ಅವಳು ಪರಿಚಯದವರ ಮನೆ ತೋರಿಸುವಂತೆ ಬೆರಳಿಟ್ಟು ತೋರಿಸಿದಳು. ಅಪ್ಪನ ಗಾಣದ ಎತ್ತನ್ನು ನೋಡುತ್ತ ಬೆಳೆದವಳಿಗೆ ಎಲ್ಲವೂ ಗಾಣವೇ. ನಡುವೆ ಸೂರ್ಯ, ಸುತ್ತ ಎತ್ತುಗಳು, ಕಟ್ಟಿದ ಹಗ್ಗ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಹತ್ತಿರದ ಎತ್ತು ಜೋರಾಗಿ ಸುತ್ತುತ್ತದೆ, ದೂರದ್ದಕ್ಕೆ ದಾರಿಯೂ ಉದ್ದ, ನಡಿಗೆಯೂ ನಿಧಾನ. ಚಂದ್ರ ನಮ್ಮದೇ ಮನೆಯ ಎತ್ತು, ತಿಂಗಳಿಗೊಂದು ಸುತ್ತು. "ಇಷ್ಟು ಹತ್ತಿರ ಇದ್ದು ಸಮುದ್ರ ಎಬ್ಬಸ್ತಾನ ಖರೆ. ಆದ್ರ ಸೊನ್ನದ ಹತ್ರ ಭೀಮಾ ನೀರನ್ನ ಬೆರಳಷ್ಟು ಎತ್ತಾಕ ಅವನ ಕೈಲಾಗಂಗಿಲ್ಲ. ಆ ದೂರದಾಂವ ಬಂದು ಅಂದೋಲಾದ ಹುಡುಗಿ ಕಾಲು ಹಿಡೀತಾನೇನು?"

ಆಮೇಲೆ ಪೂರ್ವಕ್ಕೆ ತಿರುಗಿ, ಆಗತಾನೆ ಮೇಲೇರುತ್ತಿದ್ದ ಮಿಣುಕದ, ಮಂಕು ಹಳದಿಯ ಒಂದು ಚುಕ್ಕೆ ತೋರಿಸಿದಳು. ಅದರ ಸಮೀಪ ಎರಡು ನಕ್ಷತ್ರ ಜೋಡಿಯಾಗಿ ಕೂತಿದ್ದವು. ಅದೇ ಶನಿ. ಇಪ್ಪತ್ತೆಂಟು ವರ್ಷ ಅವನಿಗೆ ಹೆದರಿದ್ದ ನಾನು, ಅವನನ್ನು ನೋಡಿದ್ದು ಅದೇ ಮೊದಲು.

ಅಕ್ಕ ತನ್ನ ಕಥೆ ಹೇಳಿದ್ದು ಆಗಲೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಸಾಡೇಸಾತಿ ಎಂದರು. ಮುರಿಯುವುದಿಲ್ಲ, ಮುಂದಕ್ಕೆ ಹಾಕೋಣ ಎಂದರು. ಇವಳು ಕಾದಳು, ಪ್ರತಿ ಶನಿವಾರ ಎಣ್ಣೆಯನ್ನೂ ಹಾಕಿದಳು. ಗಾಣದ ಮನೆ, ಎಣ್ಣೆಗೇನು ಬರ? ಗಂಡು ಎರಡನೇ ವರ್ಷಕ್ಕೇ ಬೇರೆ ಮದುವೆಯಾದ. ಏಳೂವರೆ ವರ್ಷ ಮುಗಿಯುವ ಹೊತ್ತಿಗೆ ಇವಳಿಗೆ ಮೂವತ್ತು.

"ಶನಿ ಬಿಟ್ಟ ತಮ್ಮಾ. ಆಮ್ಯಾಲ ಮಂದಿ ಹಿಡಕೊಂಡ್ರು. ವಯಸ್ಸಾತು ಅಂದ್ರು." ಮತ್ತೆ ಆ ಹಳದಿ ಚುಕ್ಕೆಯ ಕಡೆ ಬೆರಳು ತೋರಿಸಿದಳು. "ಮದಿವಿ ಮುರಿದ ವರ್ಷ ಅವ ಬರೋಬ್ಬರಿ ಈ ಜೋಡಿ ಚುಕ್ಕಿ ಹತ್ರಾನ ಇದ್ದ. ಯಾಂವ ಇಂವ, ನೋಡೇಬಿಡೂನು ಅಂತ ಅವತ್ತಿನಿಂದ ನೋಡಾಕತ್ತೇನಿ. ಪೂರಾ ಒಂದು ಸುತ್ತು ಹಾಕಿ ಹೊಳ್ಳಿ ಅಲ್ಲೇ ಬಂದಾನ. ಅಷ್ಟೂ ವರ್ಷದಾಗ ಭಾಡ್ಯಾ ಒಮ್ಮಿನೂ ನಮ್ಮ ಮನಿ ಕಡಿ ನೋಡಿಲ್ಲ!"

ನಕ್ಕಳು. ನನಗೆ ನಗು ಬರಲಿಲ್ಲ...

"ಮುಂದಕ್ಕ ಹಾಕೂದು ಅಂದ್ರ ಮುರಿಯೂದೇ. ಆ ಹುಡುಗಿ ಬಾಗಿಲಿಗಿ ಸೋಮವಾರ ನಿಮ್ಮ ಮಾವ ಹೋಗ್ತಾನ. ನೀ ನಾಳಿ ಐತವಾರಾನ ಹೋಗು."

ಹೋದೆ. ವೀರನಂತೆ ಹೋದೆ ಎಂದು ಬರೆಯುವ ಆಸೆಯಿದೆ. ನಿಜವೆಂದರೆ ಗೆಳೆಯನ ಮನೆಗೆ ಎಂದು ಅವ್ವನಿಗೆ ಹೇಳಿ, ಕೆಂಪು ಕಿವಿ ಮುಚ್ಚಲು ಮಫ್ಲರ್ ಸುತ್ತಿಕೊಂಡು ಹೋದೆ. ಜೇವರ್ಗಿ ಬಸ್ಸಿನಲ್ಲಿ ತಲೆ ಎಣಿಸಿದೆ, ನಲವತ್ತೆಂಟು. ಅಂದರೆ ಹನ್ನೆರಡು ಸಾಡೇಸಾತಿ. ಹನ್ನೆರಡರಲ್ಲಿ ಡ್ರೈವರನೂ ಒಬ್ಬನಾಗಿದ್ದರೆ ಎಂಬ ಹೊಸ ಚಿಂತೆ ಹತ್ತಿಕೊಂಡಿತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದನ್ನು ನಮ್ಮ ಬಸ್ಸು ಹಿಂದೆ ಹಾಕಿತು. ಕಿಟಕಿಯಿಂದ ನೋಡಿದರೆ ಟ್ರ್ಯಾಕ್ಟರೇ ಹಿಂದಕ್ಕೆ ಸರಿದಂತೆ. ಶನಿ ವಕ್ರಿಯಾದ, ಹಿಂದಕ್ಕೆ ನಡೆದ ಎಂದು ಜನ ಹೆದರುವುದೂ ಇಷ್ಟೇ ಎಂದು ಅಕ್ಕ ಹೇಳಿದ್ದಳು. ಅವನೇನೂ ಹಿಂದೆ ಬರುವುದಿಲ್ಲ, ಜೋರಾಗಿ ಓಡುವ ನಮ್ಮ ಭೂಮಿ ಅವನನ್ನು ದಾಟಿ ಹೋಗುತ್ತದೆ.

ಅಂದೋಲಾದಲ್ಲಿ ಹುಡುಗಿಯೇ ಬಾಗಿಲು ತೆಗೆದಳು. ನಾನು ನೀರು ಕುಡಿಯುವ ಮೊದಲೇ ಎಲ್ಲ ಒದರಿಬಿಟ್ಟೆ: ಜಾತಕ, ಮಾವ, ಸೋಮವಾರ, ಡಬ್ಬಿ, ಎಮ್ಮೆ. ಎಮ್ಮೆಯ ಮಾತು ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮಪ್ಪನೂ ನಿಮ್ಮ ಜಾತಕ ತೋರಿಸ್ಯಾರ್ರಿ. ಸಾಡೇಸಾತಿ ನಿಮಗೂ ಅದಂತ. ಮುರಿದುಬಿಡೂನು ಅನ್ನಾಕತ್ತಿದ್ರು. ನಾನೇ ತಡದೇನಿ."

"ಯಾಕ?"

"ಹುಡುಗ್ರಿಗಿ ಹೊಡಿಯಂಗಿಲ್ಲ ಅಂದಿದ್ರಲ್ಲ."

ಮದುವೆಯಾಯಿತು. ಅವ್ವ ಮದುವೆಯಲ್ಲಿ ಮುಖ ಊದಿಸಿಕೊಂಡೇ ಅಕ್ಷತೆ ಹಾಕಿದಳು. ಅಕ್ಕ ಒಂದು ಡಬ್ಬಿ ಎಣ್ಣೆ ಕಳಿಸಿದಳು, ತಾನು ಬರಲಿಲ್ಲ. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದಳು. ನಾನು ನಂಬಿದೆ. ಅವ್ವನ ಮುಖ ನೋಡಿಯೇ ಅವಳು ದೂರ ಉಳಿದಳೆಂದು ಹೊಳೆಯಲು ನನಗೆ ಎಷ್ಟೋ ವರ್ಷ ಬೇಕಾಯಿತು...

ನಂತರದ ಏಳೂವರೆ ವರ್ಷದಲ್ಲಿ ನನ್ನ ಮೋಟಾರ್ ಸೈಕಲ್ ಕಳುವಾಯಿತು, ಆಳಂದಕ್ಕೆ ವರ್ಗವಾಯಿತು, ತಲೆಯ ಮುಂಭಾಗ ಬೋಳಾಯಿತು. ಪ್ರತಿಯೊಂದಕ್ಕೂ ಅವ್ವ ಸೊಸೆಯ ಕಡೆ ನೋಡಿದಳು. ಸಾಡೇಸಾತಿ ಮುಗಿದ ಮೇಲೆ ತಲೆಯ ಹಿಂಭಾಗವೂ ಬೋಳಾಯಿತು. ಅದಕ್ಕೆ ಯಾರ ಕಡೆ ನೋಡಬೇಕೋ ತಿಳಿಯದೆ ಸುಮ್ಮನಾದಳು.

ಮಗಳು ಹುಟ್ಟಿದಾಗ ನಾನು ಆಸ್ಪತ್ರೆಯ ಗೋಡೆ ಗಡಿಯಾರ ನೋಡಿದೆ. ನೋಡಬಾರದು ಎಂದುಕೊಂಡೇ ನೋಡಿದೆ, ಸ್ವಭಾವ. ಜಾತಕ ಬರೆಸಲು ಅವ್ವ ಸಮಯ ಕೇಳಿದಾಗ ಗಡಿಯಾರ ನಿಂತಿತ್ತು ಎಂದೆ. ಅವಳು ನನ್ನ ಕಿವಿಯನ್ನೇ ನೋಡಿದಳು, ಆಮೇಲೆ ಕೂಸಿನ ಕಡೆ ತಿರುಗಿದಳು. ಪೇಢೆ ಹಿಡಿದುಕೊಂಡು ಅಫಜಲಪುರಕ್ಕೆ ಹೋದವನು ಅಕ್ಕನೊಬ್ಬಳಿಗೆ ಆ ಸಮಯ ಹೇಳಿದೆ. ಯಾರಿಗಾದರೂ ಹೇಳದೆ ನನಗೆ ಉಸಿರಾಡಲಾಗುತ್ತಿರಲಿಲ್ಲ. ಅಕ್ಕ ಎಣ್ಣೆಗೈಯಿಂದಲೇ ನನ್ನ ಬೆನ್ನಿಗೆ ಗುದ್ದಿದಳು. "ಮರ್ತುಬಿಡು. ನಾನೂ ಮರೀತೇನಿ."

ಅಕ್ಕ ಹೋಗಿ ಆರು ವರ್ಷವಾಯಿತು. ಸುದ್ದಿ ನನಗೆ ಮುಟ್ಟಿದ್ದು ಇಪ್ಪತ್ತು ದಿನ ತಡವಾಗಿ, ಅದೂ ಬಸ್ಸಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಮುಂದಿನ ರಜೆಗೆ ಬರುತ್ತೇನೆ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ಮುಂದಕ್ಕೆ ಹಾಕುವುದೆಂದರೆ ಏನೆಂದು ಅವಳಿಂದಲೇ ಕಲಿತವನು ನಾನು.

ಮಗಳು ಈ ವರ್ಷವಷ್ಟೇ ಬಿ.ಎಡ್. ಸೇರಿದ್ದಾಳೆ. ಹೋದ ವಾರ ಗೊಬ್ಬೂರಿನ ಕಡೆಯವರು ಅವಳನ್ನು ನೋಡಲು ಬಂದಿದ್ದರು. ಹುಡುಗ ಮಗಳಿಗೆ ಹಿಡಿಸಿದ್ದಾನೆ, ನನಗೂ. ಚಹಾ ಆದ ಮೇಲೆ ಹುಡುಗನ ಚಿಕ್ಕಪ್ಪ ಜಾತಕ ಕೇಳಿದರು. ಬರೆಸಿಲ್ಲ ಅಂದೆ. "ಹುಟ್ಟಿದ ಟೈಮ್ ಹೇಳ್ರಿ ಸರ್, ನಾವೇ ಬರೆಸ್ತೇವಿ. ಬೆಳಗಿನ್ಯಾಗೋ, ಸಂಜಿಗೋ, ಅಂದಾಜಾದ್ರೂ?" ನೆನಪಿಲ್ಲ ಅಂದೆ. ಫೋನ್ ಮಾಡ್ತೇವಿ ಎಂದು ಎದ್ದುಹೋದರು. ಇವತ್ತಿಗೆ ಒಂಬತ್ತು ದಿನ.

ಎರಡು ರಾತ್ರಿ ನಿದ್ದೆ ಬಾರದೆ, ಮೂರನೆಯ ಬೆಳಗ್ಗೆ ಮಗಳನ್ನೇ ಕೇಳಿದೆ: ಒಂದು ವೇಳೆ ನನಗೆ ಆ ಸಮಯ ಗೊತ್ತಿದ್ದರೆ ಹೇಳಿಬಿಡಲೇ?

ಅವಳು ನನ್ನ ಕಿವಿ ನೋಡಿದಳು. "ಗೊತ್ತಿದ್ರೂ ಹೇಳಬ್ಯಾಡ ಅಪ್ಪಾ. ನನ್ನ ನೋಡಿ ಹೋಗ್ಯಾರಲ್ಲ, ಇನ್ನ ಗಡಿಯಾರ ಯಾಕ ನೋಡಬೇಕು?"

ಫೋನು ಮೇಜಿನ ಮೇಲಿದೆ. ಗಳಿಗೆಗೊಮ್ಮೆ ಅದರ ಕಡೆ ನೋಡುತ್ತೇನೆ, ಅದನ್ನು ತಪ್ಪಿಸಲು ನನ್ನಿಂದಾಗದು. ಬಂದರೆ ಬರಲಿ. ಬಾರದಿದ್ದರೆ ನಾನಾಗಿ ಮಾಡುವುದಿಲ್ಲ. ಮಗಳು ಹುಟ್ಟಿದ ಆ ಗಂಟೆ, ಆ ನಿಮಿಷ ಗೊತ್ತಿದ್ದವರು ಇಬ್ಬರಿದ್ದೆವು. ಮರೆಯುತ್ತೇನೆ ಎಂದವಳು ಮಾತು ಉಳಿಸಿಕೊಂಡು ಹೊರಟುಹೋದಳು. ನನಗಿನ್ನೂ ಮರೆಯಲಾಗಿಲ್ಲ. ಆದರೆ ಹೇಳುವುದಿಲ್ಲ.