ಯೆರೊಲಿಮ್‌ನ ಬಿಳಿ ಕಾಲುಚೀಲ

ಬೆಟಿನಾ ಎಂಬ ಕಡಲತಡಿಯ ಊರಿನ ಯೆರೊಲಿಮ್‌ನದು ಮರದ ದೋಣಿಯ ಹಲಗೆಗಳ ಸಂದಿಗೆ ನಾರು ತುರುಕಿ ರಾಳ ಬಳಿಯುವ ಕೆಲಸ. ಐವತ್ತೆರಡು ವರ್ಷ ಅದನ್ನೇ ಮಾಡಿದವನು. ಅವನ ಕೈ ತಾಗಿದ ಒಂದು ದೋಣಿಯೂ ಸೋರಿದ್ದಿಲ್ಲ. ಆಸ್ತಿ ಅಂತ ಅವನಿಗಿದ್ದದ್ದು ಆ ಹೆಸರೊಂದೇ.

ಹಳೆಯ ಹಾಯಿದೋಣಿಗಳ ಉತ್ಸವ ಶುರುವಾದ ಮೇಲೆ ಊರಿಗೆ ಹೊಸ ಜಾತಿಯ ನಾವಿಕರು ಬರತೊಡಗಿದರು. ಪಟ್ಟೆ ಅಂಗಿ, ಬಿಳಿ ಪ್ಯಾಂಟು. ಹಗ್ಗ ಹಿಡಿದರೆ ಅಂಗೈ ಸುಲಿಯುವ ಜನ. ಪರಂಪರೆ ಎಂಬ ಮಾತನ್ನು ಮೀನಿಗೆ ಉಪ್ಪು ಉದುರಿಸಿದಂತೆ ಎಲ್ಲದರ ಮೇಲೂ ಉದುರಿಸುತ್ತಿದ್ದರು. ಅವರಲ್ಲೊಬ್ಬ ಜಾಗ್ರೆಬ್ ನಗರದ ದಾಲಿಬೋರ್. ಎಂಬತ್ತು ವರ್ಷದ ದೋಣಿಯೊಂದನ್ನು ಕೊಂಡು, ಯೆರೊಲಿಮ್‌ನಿಂದ ಸಂದಿ ತುಂಬಿಸಿ, ಕನ್ನಡಿಯಂತೆ ಮೆರುಗೆಣ್ಣೆ ಹಚ್ಚಿಸಿ, ಬೇಸಿಗೆಯೆಲ್ಲ ಶೆಡ್ಡಿನಲ್ಲಿ ಒಣಗಿಸಿಟ್ಟಿದ್ದ.

ಉತ್ಸವಕ್ಕೆ ನಾಲ್ಕು ದಿನ ಇರುವಾಗ ಯೆರೊಲಿಮ್ ಹೇಳಿದ, "ಸಾಹೇಬ್ರೇ, ಇವತ್ತೇ ನೀರಿಗಿಳಿಸಿ. ಕೂರೋ ಹಲಗೆವರೆಗೂ ಮುಳುಗ್ಲಿ. ಮರ ನೀರು ಕುಡಿದು ಊದ್ಬೇಕು, ಆಗ ಸಂದಿ ಮುಚ್ಕೊಳುತ್ತೆ. ಆಮೇಲೆ ನೀರು ಮೊಗೆದು ಹಾಕಿದ್ರಾಯ್ತು."

"ಮುಳುಗಿರೋ ದೋಣೀನ ಯಾರು ಫೋಟೋ ತೆಗೀತಾರೆ ಅಜ್ಜ? ಭಾನುವಾರ ಕ್ರೇನಲ್ಲಿ ಇಳಿಸೋದು. ಬ್ಯಾಂಡಿರುತ್ತೆ, ಪಾದ್ರಿ ಇರ್ತಾರೆ."

"ಪಾದ್ರಿ ಬಂದು ಮರ ಊದಿಸ್ತಾರಾ?"

ದಾಲಿಬೋರ್ ನಕ್ಕು ದೋಣಿಯ ಮೂತಿ ತೋರಿಸಿದ. ಅಲ್ಲೊಂದು ಹಿತ್ತಾಳೆಯ ಫಲಕ: ಸಂದಿ ತುಂಬಿದವರು ಯೆರೊಲಿಮ್.

"ಹಾಗಾದ್ರೆ ಇದನ್ನ ಕೀಳಿ," ಎಂದ ಯೆರೊಲಿಮ್. ದಾಲಿಬೋರ್ ಕೀಳಲಿಲ್ಲ.

ಭಾನುವಾರ ಭಾಷಣಗಳೇ ಮುಕ್ಕಾಲು ಗಂಟೆ ನಡೆದವು. ಮಾತನಾಡಿದವರಲ್ಲಿ ಒಬ್ಬನೂ ಸುತ್ತಿಗೆ ಮುಟ್ಟಿದವನಲ್ಲ. ದೋಣಿ ಇಳಿಯಿತು, ದಾಲಿಬೋರ್ ಅದರೊಳಗೆ ನಿಂತು ಕೈ ಬೀಸಿದ. ಬ್ಯಾಂಡಿನವರ ಎರಡನೆಯ ಹಾಡು ಮುಗಿಯುವ ಮೊದಲೇ ನೀರು ಅವನ ಮೊಣಕಾಲಿಗೆ ಬಂದಿತ್ತು. ಅವನು ಎರಡೂ ಕೈ ಬೀಸತೊಡಗಿದ. ಅತಿಥಿಗಳೂ ಸಂತೋಷದಿಂದ ತಿರುಗಿ ಬೀಸಿದರು.

ಅವನನ್ನು ದಡಕ್ಕೆಳೆದ ಮೇಲೆ ಎಲ್ಲರೂ ಫಲಕ ಓದಿದರು. ಕಾಫಿ ಅಂಗಡಿಯ ಮುಂದೆ ಕೂತಿದ್ದ ಮೀನುಗಾರ ಶಿಮುನ್ ಕೂಗಿದ, "ಏನೋ ಯೆರೊಲಿಮ್, ನಾರು ತುಂಬಿದ್ಯೋ, ಶ್ಯಾವಿಗೆ ತುಂಬಿದ್ಯೋ?"

ದೋಣಿ ಎತ್ತಿಸಲು ದಾಲಿಬೋರ್ ಕ್ರೇನಿನವನನ್ನು ಕರೆದ. "ಮುಟ್ಬೇಡ, ಅಲ್ಲೇ ಬಿದ್ದಿರ್ಲಿ!" ಎಂದು ಯೆರೊಲಿಮ್ ಗದರಿದ. ಒದ್ದೆ ಪ್ಯಾಂಟಿನವನಿಗೆ ವಾದಿಸುವ ಮುಖವಿರಲಿಲ್ಲ. ಸಂಜೆಗೆ ಜಾಗ್ರೆಬ್ ಸೇರಿದ.

ಗುರುವಾರ ಬೆಳಿಗ್ಗೆ ಯೆರೊಲಿಮ್ ಬಕೆಟ್ ಹಿಡಿದು ಹೊರಟವನು ಹೆಂಡತಿ ತೊಂಕಾಳ ಹತ್ತಿರ ಬಿಳಿ ಕಾಲುಚೀಲ ಕೇಳಿದ.

"ಊರೆಲ್ಲಾ ನಗ್ತಿದೆ, ನಿಂಗೆ ಶೋಕಿನಾ ಮುದುಕಾ? ಅವು ಮದುವೆಗೋ ಸಾವಿಗೋ ಅಂತ ಇಟ್ಟಿರೋವು."

"ಕೊಡೇ. ಇದು ಎರಡರ ಮಧ್ಯದ್ದು."

ನಾಲ್ಕು ದಿನ ಮುಳುಗಿದ್ದ ದೋಣಿಯಿಂದ ನೀರೆಲ್ಲ ಮೊಗೆದ. ತಳವನ್ನು ಬಟ್ಟೆಯಿಂದ ಒರೆಸಿ, ಒಂದು ಗಂಟೆ ಸುಮ್ಮನೆ ಕೂತು ನೋಡಿದ. ಆಮೇಲೆ ಕಾಲುಚೀಲ ಏರಿಸಿ, ಬೂಟಿಲ್ಲದೆ, ದಡದುದ್ದಕ್ಕೂ ನಿಧಾನವಾಗಿ ಹುಟ್ಟು ಹಾಕಿದ. ಕಾಫಿ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಪಾದ ಎತ್ತಿ ತೋರಿಸಿದ; ಆಮೇಲೆ ಇನ್ನೊಂದು.

ಶಿಮುನ್ ಲೋಟದೊಳಗೆ ಇಣುಕುತ್ತಿದ್ದ.

"ಅಲ್ಲಿಂದ ಕಾಣುತ್ತೇನೋ ಶಿಮುನ್, ಮೂಗಿನ ಹತ್ರ ತರ್ಲಾ?"

"ಕಾಣುತ್ತೆ ಮಾರಾಯ, ಒಂಚೂರೂ ಒದ್ದೆಯಾಗಿಲ್ಲ," ಎಂದ ಶಿಮುನ್. "ಕಾಲು ಇಳಿಸು."