ಒಂದು ಹೊರೆ ತಪ್ಪು

ಆಗ ನನಗೆ ಅರವತ್ತಮೂರು. ಆರು ವರ್ಷದ ಹಿಂದಿನ ಮಾತು. ಆ ಪ್ರಾಯಕ್ಕೆ ಬುದ್ಧಿ ಬರುತ್ತದೆ ಎಂದು ಜನ ಹೇಳುವುದುಂಟು. ನನಗೆ ಬಂದದ್ದು ಜಂಬ. ನನ್ನಷ್ಟು ಒಳ್ಳೆಯ ಕನ್ನಡ ಈ ಊರಿನಲ್ಲಿ ಯಾರಿಗೂ ಇಲ್ಲ ಎಂಬ ಜಂಬ.

ಆ ಕನ್ನಡ ಎಲ್ಲಿಯದು ಎಂದರೆ ಮೂರನೇ ಕ್ಲಾಸಿನದು. ಅದರ ಮೇಲೆ ನಾನು ಶಾಲೆಯ ಮುಖ ನೋಡಿದವಳಲ್ಲ. ಕ್ಲಾಸಿನೊಳಗೆ ತುಳು ಮಾತಾಡಿದರೆ ಮಾಸ್ಟ್ರು ಕೈಗೆ ಬಾರಿಸುತ್ತಿದ್ದರು. ಪೆಟ್ಟು ತಿಂದು ಕಲಿತದ್ದು ಗಟ್ಟಿ ಇರುತ್ತದೆ ಎಂದು ನಾನು ನಂಬಿದ್ದೆ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಮಗೆ ತುಳುವೇ ಸಾಕು. ಕನ್ನಡ ಬೇಕಾಗುವುದು ಪಂಚಾಯತಿಗೆ ಹೋದರೆ, ಇಲ್ಲವೇ ಘಟ್ಟದ ಮೇಲಿನವರು ಯಾರಾದರೂ ಬಂದರೆ. ಆಗ ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದ ಹಾಗೆ ನಾನು ನನ್ನ ಕನ್ನಡವನ್ನು ತೆಗೆಯುತ್ತಿದ್ದೆ.

ನನ್ನ ಮನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಹೈಸ್ಕೂಲಿನ ಬೇಲಿಗೆ ತಾಗಿಕೊಂಡು ಉಂಟು. ಮೂಡಬಿದ್ರೆಯ ಹತ್ತಿರದ ಒಂದು ಕಾಲೇಜಿನಲ್ಲಿ ಕೃಷಿ ಪಾಠ ಮಾಡುವ ಟೀಚರುಗಳನ್ನು ತಯಾರು ಮಾಡುತ್ತಾರೆ. ಅಲ್ಲಿ ಕಲಿಯುವವರನ್ನು, ಪಾಠ ಮಾಡಿ ಅಭ್ಯಾಸವಾಗಲಿ ಎಂದು, ಊರೂರಿನ ಶಾಲೆಗೆ ಕಳಿಸುತ್ತಾರೆ. ಹಾಗೆ ನಮ್ಮ ಹೈಸ್ಕೂಲಿಗೆ ಇಬ್ಬರು ಹುಡುಗಿಯರು ಬಂದರು. ಶಾಲೆಯವರು ಕೇಳಿದ್ದಕ್ಕೆ ಅವರನ್ನು ನನ್ನ ಮನೆಯಲ್ಲಿ ಇಟ್ಟುಕೊಂಡೆ. ಸೆಗಣಿ ಬಾಚುವುದನ್ನು ಕಲಿಸಲಿಕ್ಕೂ ಡಿಗ್ರಿ ಬೇಕಾ ಎಂದು ಅವರ ಎದುರಿನಲ್ಲೇ ಕೇಳಿದೆ. ಇಬ್ಬರೂ ನಕ್ಕರು. ಮರ್ಯಾದೆ ಉಳ್ಳ ಮಕ್ಕಳು.

ಒಬ್ಬಳು ಮೂಡಬಿದ್ರೆಯ ಜೈನರ ಹುಡುಗಿ, ತುಳುವಿನವಳೇ. ಇನ್ನೊಬ್ಬಳು ಚಿತ್ರದುರ್ಗದ ಕಡೆಯವಳು, ತುಳುವಿನ ಒಂದಕ್ಷರ ಬಾರದವಳು. ಬಂದ ದಿನ ಸಂಜೆ ಅವಳ ಮನೆ ವಿಷಯ ವಿಚಾರಿಸಿದೆ. ತಾನು ಹುಟ್ಟಿ ಬೆಳೆದದ್ದೆಲ್ಲ ಹಟ್ಟಿಯಲ್ಲೇ, ಅಪ್ಪ ಅಮ್ಮ ಈಗಲೂ ಹಟ್ಟಿಯಲ್ಲೇ ಇರುವುದು ಎಂದಳು. ನಮ್ಮಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗ. ಪಾಪ, ದನದ ಜೊತೆ ಮಲಗಿ ಇಷ್ಟು ಓದಿದ್ದಾಳಲ್ಲ ಎಂದು ನಾನು ಅವಳ ಗಂಜಿಗೆ ತುಪ್ಪ ಜಾಸ್ತಿ ಹಾಕಿದೆ. ಅವರ ಕಡೆ ಸಣ್ಣ ಊರಿಗೇ ಹಟ್ಟಿ ಎನ್ನುತ್ತಾರೆ ಎಂದು ಮೂಡಬಿದ್ರೆಯವಳು ಆಮೇಲೆ ಬಿಡಿಸಿ ಹೇಳಿದಳು. ಆವತ್ತಿಗೆ ತುಪ್ಪ ನಿಲ್ಲಿಸಿದೆ. ಅಷ್ಟಾದ ಮೇಲಾದರೂ ಒಂದು ಮಾತಿಗೆ ಎರಡು ಊರಿನಲ್ಲಿ ಎರಡು ಅರ್ಥ ಇರಬಹುದು ಎಂದು ನನ್ನ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ಪಾಪ, ಇವಳ ಕನ್ನಡ ಸರಿ ಇಲ್ಲ ಎಂದುಕೊಂಡೆ.

ಆ ದುರ್ಗದ ಹುಡುಗಿಗೆ ಅಪ್ಪ ಒಂದೇ ವರ್ಷದ ಮಾತು ಕೊಟ್ಟಿದ್ದ. ಆ ವರ್ಷದಲ್ಲಿ ಪಾಸಾದರೆ ಟೀಚರು, ಆಗದಿದ್ದರೆ ಮನೆಗೆ ಬಂದು ಅವನು ತೋರಿಸಿದವನನ್ನು ಮದುವೆಯಾಗುವುದು. ಕೊನೆಗೆ ಉಳಿದದ್ದು ಒಂದೇ ಪಾಠ. ಅದನ್ನು ನೋಡಲಿಕ್ಕೆ ಕಾಲೇಜಿನಿಂದ ಸರ್ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು ಮಾರ್ಕು ಹಾಕುತ್ತಾರೆ. ಅದರಲ್ಲಿ ಹೋದರೆ ಇನ್ನೊಂದು ವರ್ಷ ಕೂರಬೇಕು. ಅವಳಿಗೆ ಇನ್ನೊಂದು ವರ್ಷ ಇರಲಿಲ್ಲ.

ಪಾಠ ಗೊಬ್ಬರದ ಗುಂಡಿಯದು. ಊರಿನ ಅನುಭವಸ್ಥ ಕೃಷಿಕರೊಬ್ಬರನ್ನು ಕ್ಲಾಸಿಗೆ ಕರೆದು ಮಾತಾಡಿಸಿದರೆ ಸರ್‌ಗೆ ಖುಷಿಯಂತೆ. ಹುಡುಗಿ ಮೊದಲು ಕೇಳಿದ್ದು ಊರಿನ ದೊಡ್ಡ ಅಡಿಕೆ ತೋಟದ ಯಜಮಾನರನ್ನು. ಅವರಿಗೆ ಆ ದಿನ ಬೆಳ್ತಂಗಡಿಯಲ್ಲಿ ಕೋರ್ಟಿತ್ತು. ಎರಡನೆಯವರಿಗೆ ಸೊಂಟ ಹಿಡಿದಿತ್ತು. ಆಮೇಲೆ ನಾನು. ಅದು ಗೊತ್ತಿದ್ದೂ, ಊರಿಗೆ ಊರೇ ನನ್ನನ್ನು ಆರಿಸಿದ ಹಾಗೆ ಎರಡು ದಿನ ನಡೆದಾಡಿದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಸೊಪ್ಪಿಗೆ ತುಳುವಿನಲ್ಲಿ ನಾವು ತಪ್ಪು ಎನ್ನುತ್ತೇವೆ. ಗುಡ್ಡೆಯಲ್ಲಿ ತಪ್ಪು ಕಡಿದು, ತಲೆಯ ಮೇಲೆ ತಪ್ಪು ಹೊತ್ತು, ಹಟ್ಟಿಗೆ ತಪ್ಪು ಹಾಕಿ ಮುದುಕಿಯಾದವಳು ನಾನು. ಕನ್ನಡದಲ್ಲಿ ಸೊಪ್ಪು ಎನ್ನಬೇಕು ಎಂದು ಗೊತ್ತಿತ್ತು. ಮನೆಯಲ್ಲಿ ಹುಡುಗಿಯ ಹತ್ತಿರ ಹಾಗೆಯೇ ಹೇಳುತ್ತಿದ್ದೆ.

ಪಾಠದ ದಿನ ಮೂಡಬಿದ್ರೆಯವಳು ಇರಲಿಲ್ಲ. ತನ್ನ ಪಾಠ ಮುಗಿದಿತ್ತೆಂದು ಮನೆಗೆ ಹೋಗಿದ್ದಳು. ನಾನು ಮದುವೆಗೆ ಉಡುವ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಹೋದೆ. ಸರ್ ಮೈಸೂರು ಕಡೆಯ ಹೊಸಬರು. ನಾನು ಅವರಿಗೆ ಕೈ ಮುಗಿದು, ತಾವು ದಯಮಾಡಿ ಆಸೀನರಾಗಬೇಕು ಎಂದೆ. ಮೂರನೇ ಕ್ಲಾಸಿನ ಪಾಠದ ಯಾವುದೋ ರಾಜ ಹಾಗೆ ಹೇಳಿದ್ದ. ಸರ್‌ಗೆ ಸಂತೋಷವಾದದ್ದು ಕಂಡಿತು. ನನಗೆ ಅದರ ಎರಡರಷ್ಟಾಯಿತು.

ಹುಡುಗಿ ಬೋರ್ಡಿನ ಮೇಲೆ ಗುಂಡಿಯ ಚಿತ್ರ ಬರೆದಿದ್ದಳು. ಬಣ್ಣದ ಸೀಮೆಸುಣ್ಣದಲ್ಲಿ ಅಡಿಗೆ ಹಸಿರು, ಅದರ ಮೇಲೆ ಸೆಗಣಿ, ಮತ್ತೆ ಹಸಿರು, ಬೂದಿ, ಮತ್ತೆ ಹಸಿರು, ಮೇಲೆ ಮಣ್ಣು. ಎಲ್ಲವೂ ಸರಿ ಇತ್ತು. ನಾನು ಹೇಳಲಿಕ್ಕೆ ಏನೂ ಬಾಕಿ ಇರಲಿಲ್ಲ. ಬಾಯಿ ಮುಚ್ಚಿ ಕೂತಿದ್ದರೆ ಅವಳು ಪಾಸು. ಆದರೆ ಕೋಲನ್ನು ನನ್ನ ಕೈಗೆ ಕೊಟ್ಟು ಕೇಳಿದಳು: “ನೀವೇ ಹೇಳಿ ಅಜ್ಜಿ, ಗುಂಡಿಗೆ ಮೊದ್ಲು ಏನು?”

ಅಷ್ಟು ಮಕ್ಕಳು, ಹಿಂದೆ ಸರ್, ಕೈಯಲ್ಲಿ ಕೋಲು. ನನಗೆ ಪೆಟ್ಟು ಕೊಟ್ಟ ಮಾಸ್ಟ್ರ ಕೈಯಲ್ಲಿದ್ದಂಥದ್ದೇ ಕೋಲು. ಸೊಪ್ಪು ಎಂಬ ಮಾತು ಎಲ್ಲಿಗೆ ಹೋಯಿತೋ ಹೋಯಿತು. ಹೋದದ್ದೂ ನನಗೆ ಗೊತ್ತಾಗಲಿಲ್ಲ. ಕೋಲನ್ನು ಅಡಿಯ ಹಸಿರಿನ ಮೇಲೆ ಇಟ್ಟು, ಸ್ವರ ಎತ್ತರಿಸಿ, “ಮೊದಲು ಇಲ್ಲಿ ತಪ್ಪು” ಎಂದೆ.

ಹುಡುಗಿ ಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬೋರ್ಡು ಒರಸುವ ಬಟ್ಟೆ ಹಿಡಿದು ಅಡಿಯ ಹಸಿರನ್ನು ಉಜ್ಜಿದಳು. ನನಗೆ ಆಶ್ಚರ್ಯವಾಯಿತು. ಸೊಪ್ಪನ್ನೇ ತೆಗೆದರೆ ಗೊಬ್ಬರ ಎಲ್ಲಿಂದ? ಬಹುಶಃ ಕೇಳಿಸಲಿಲ್ಲ ಎಂದುಕೊಂಡು ನಡುವಿನ ಹಸಿರಿಗೆ ಕೋಲು ಬಡಿದೆ. “ಇಲ್ಲಿಯೂ ತಪ್ಪು.” ಅವಳು ಅದನ್ನೂ ಉಜ್ಜಿದಳು. ಮೇಲಿನದಕ್ಕೆ ಬಡಿದೆ, ಅದೂ ಹೋಯಿತು. ಮಕ್ಕಳು ಬೆಂಚಿಗೆ ಮುಖ ಇಟ್ಟು ನಗುತ್ತಿದ್ದರು. ಅವರಿಗೆ ಎರಡೂ ಅರ್ಥ ಗೊತ್ತು. ಆದರೆ ಕ್ಲಾಸಿನಲ್ಲಿ ತುಳು ಮಾತಾಡುವ ಹಾಗಿಲ್ಲ, ಮತ್ತೆ ಇಂಥ ತಮಾಷೆಯನ್ನು ಯಾರು ನಿಲ್ಲಿಸುತ್ತಾರೆ? ಸರ್ ನಿಶ್ಶಬ್ದ ಎಂದರು. ನಾನು ನನಗೆ ತಿಳಿದಷ್ಟು ಶುದ್ಧ ಕನ್ನಡದಲ್ಲಿ ಮುಗಿಸಿದೆ: “ತಪ್ಪು ಇನ್ನೂ ಬಹಳ ಉಂಟು. ಎಷ್ಟು ತಪ್ಪಿದ್ದರೂ ಸಾಲದು.”

ಹುಡುಗಿ ಇಡೀ ಬೋರ್ಡು ಉಜ್ಜಿ ನಿಂತಳು. ಅವಳಿಗೆ ತಲೆ ಕೆಟ್ಟಿದೆ ಎಂದೇ ನನಗೆ ಕಂಡಿತು.

ಗಂಟೆ ಹೊಡೆದ ಮೇಲೆ ಸರ್ ನನ್ನ ಹತ್ತಿರ ಬಂದು ಕೈ ಮುಗಿದರು. ಇಷ್ಟು ನೇರವಾಗಿ ಹೇಳುವವರು ಈಗ ಕಡಿಮೆ, ನಿಮ್ಮ ಕನ್ನಡವೂ ಸೊಗಸಾಗಿದೆ ಎಂದರು. ಅದನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ. ದನಕ್ಕೂ ಆ ದಿನ ಕನ್ನಡದಲ್ಲೇ ಬೈದೆ.

ಸಂಜೆ ಹುಡುಗಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಚಾ ಕುಡಿಯಲಿಲ್ಲ. ಕೇಳಿದರೆ, ಸರ್ ಫೇಲು ಎಂದಿದ್ದಾರೆ, ನಾಳೆ ಮಧ್ಯಾಹ್ನದೊಳಗೆ ಮಾರ್ಕು ಆಫೀಸಿಗೆ ಹೋಗುತ್ತದೆ, ತಾನು ಅಪ್ಪನಿಗೆ ಫೋನು ಮಾಡಬೇಕು ಎಂದಳು. ಬೋರ್ಡು ಉಜ್ಜಿದರೆ ಮತ್ತೆಂತ ಆಗುತ್ತದೆ ಎಂದು ನಾನು ಬೈದೆ.

“ಎಲ್ಲಾ ತಪ್ಪು ಅಂದೋರು ನೀವೇ ಅಲ್ವಾ ಅಜ್ಜಿ.”

“ಹೌದು. ತಪ್ಪಿಲ್ಲದೆ ಗೊಬ್ಬರ ಆಗ್ತದಾ? ನೀನು ಎಂತಕ್ಕೆ ಉಜ್ಜಿದ್ದು?”

“ತಪ್ಪು ಅಂದ್ಮೇಲೆ ಉಜ್ಜದೆ ಏನ್ಮಾಡ್ಲಿ?”

“ತಪ್ಪು ಅಂದದ್ದು ಹಾಕ್ಲಿಕ್ಕೆ ಮಾರಾಯ್ತಿ, ತೆಗೀಲಿಕ್ಕಲ್ಲ.”

ಆ ಹೊತ್ತಿಗೆ ಮೂಡಬಿದ್ರೆಯವಳು ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತು ನಗಲಿಕ್ಕೆ ಶುರು ಮಾಡಿದಳು, ಬಿಕ್ಕಳಿಕೆ ಬರುವಷ್ಟು. ಸೊಪ್ಪಿಗೆ ನೀವು ಕ್ಲಾಸಿನಲ್ಲಿ ತುಳು ಮಾತು ಹೇಳಿದ್ದೀರಿ ಎಂದಳು. ನಾನು ಸೊಪ್ಪು ಎಂದೇ ಹೇಳಿದ್ದು, ನನ್ನ ಬಾಯಿ ನನಗೆ ಗೊತ್ತಿಲ್ಲವಾ ಎಂದು ವಾದಿಸಿದೆ. “ಅಜ್ಜಿ, ನೀವು ಈಗ ಇವಳ ಹತ್ತಿರವೂ ತಪ್ಪು ಅಂತಲೇ ಹೇಳಿದ್ದು” ಎಂದಳು. ಆಗ ನನ್ನ ಮಾತು ನನಗೆ ಕೇಳಿಸಿತು. ಕುಡಿಯುತ್ತಿದ್ದ ಚಾ ಮೂಗಿಗೆ ಹೋಯಿತು.

ಹುಡುಗಿ ನಗಲಿಲ್ಲ. ಅವಳಿಗೆ ನಗು ಬರುವ ವಿಷಯವೂ ಅಲ್ಲ.

ಮೂಡಬಿದ್ರೆಯವಳು ಸರ್‌ಗೆ ಫೋನು ಮಾಡಿ ತುಳುವಿನ ಅರ್ಥ ಬಿಡಿಸಿ ಹೇಳಿದಳು. ಸರ್ ನಂಬಲಿಲ್ಲ. ಗೆಳತಿಗಾಗಿ ಕಥೆ ಕಟ್ಟುತ್ತಿದ್ದೀಯ, ಆ ಅಮ್ಮ ತುಳು ಎಲ್ಲಿ ಮಾತಾಡಿದರು, ಅಷ್ಟು ಸ್ವಚ್ಛವಾದ ಕನ್ನಡ ನಾನು ಈ ಕಡೆ ಕೇಳಿಯೇ ಇಲ್ಲ ಎಂದರಂತೆ. ಅರವತ್ತಮೂರು ವರ್ಷದಲ್ಲಿ ಒಬ್ಬ ಕಲಿತವನು ನನ್ನ ಕನ್ನಡವನ್ನು ಹೊಗಳಿದ್ದು ಅದೊಂದೇ ಸಲ. ಅದೇ ಆ ಹುಡುಗಿಯ ಕುತ್ತಿಗೆಗೆ ಬಂತು. ಫೋನು ಕೊಡು, ನಾನೇ ಹೇಳುತ್ತೇನೆ ಎಂದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು.

“ಅಪ್ಪನಿಗೆ ನಾಳೆ ಮಧ್ಯಾಹ್ನದವರೆಗೆ ಎಂತದೂ ಹೇಳ್ಬೇಡ” ಎಂದು ಹುಡುಗಿಗೆ ಹೇಳಿ ಕತ್ತಿ ಮಸೆದಿಟ್ಟು ಮಲಗಿದೆ.

ಮರುದಿನ ಬೆಳಕು ಹರಿಯುವಾಗ ಗುಡ್ಡೆಗೆ ಹೋಗಿ ಒಂದು ಹೊರೆ ತಪ್ಪು ಕಡಿದೆ. ಬಳ್ಳಿ ಬಿಗಿದು, ಮತ್ತೆ ಅದೇ ಮದುವೆ ಸೀರೆ ಉಟ್ಟು, ಹುಡುಗಿಯರನ್ನು ಎಬ್ಬಿಸಿ ಹೊರಟೆ. ಬಿ.ಸಿ.ರೋಡಿನಲ್ಲಿ ಮೂಡಬಿದ್ರೆ ಬಸ್ಸಿನ ಕಂಡಕ್ಟರು, ತಲೆಯ ಮೇಲೆ ಎಂತ, ದನ ಹಿಂದಿನ ಬಸ್ಸಿನಲ್ಲಿ ಬರುತ್ತದಾ ಎಂದು ತುಳುವಿನಲ್ಲಿ ಕೇಳಿದ. ತಪ್ಪು ಎಂದೆ. ಬಸ್ಸಿನಲ್ಲಿ ಯಾರಿಗೂ ಆ ಮಾತಿನ ಅರ್ಥ ಬಿಡಿಸಬೇಕಾಗಲಿಲ್ಲ.

ಕಾಲೇಜಿನಲ್ಲಿ ಸರ್ ಕೋಣೆಯ ಬಾಗಿಲಿಗೆ ಹೋಗಿ ಹೊರೆಯನ್ನು ದಪ್ಪೆಂದು ಹಾಕಿದೆ. ಅವರು ಎದ್ದು ಬಂದರು.

“ಏನಮ್ಮ ಇದು?”

“ತಪ್ಪು.”

“ಯಾರದ್ದು?”

“ನನ್ನದೇ. ನಮ್ಮ ಗುಡ್ಡೆಯದ್ದು.”

ಆಚೆ ನಿಂತಿದ್ದ ಕಾಲೇಜಿನ ಜವಾನ ಬಾಯಿಗೆ ಕೈ ಇಟ್ಟುಕೊಂಡ. ಸರ್ ಹೊರೆಯನ್ನು ನೋಡಿದರು, ಜವಾನನನ್ನು ನೋಡಿ ಹೌದಾ ಎಂದು ಕೇಳಿದರು. ಹೌದು ಸರ್, ನಾವು ಹಾಗೇ ಹೇಳುವುದು ಎಂದ ಅವನು.  ಸರ್ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ನಿನ್ನೆಯ ಪಾಠವನ್ನು ಇಲ್ಲೇ ಮಾಡು ನೋಡುವ ಎಂದು ಹುಡುಗಿಗೆ ಹೇಳಿದರು.

ಅವಳು ಬಳ್ಳಿ ಬಿಚ್ಚಿ ಸೊಪ್ಪನ್ನು ಜಗಲಿಯ ನೆಲದಲ್ಲಿ ಹರಡಿ ಶುರು ಮಾಡಿದಳು. ಇದು ಗುಂಡಿಯ ಅಡಿ, ಇಲ್ಲಿ ಇಷ್ಟು ಸೊಪ್ಪು, ಇದರ ಮೇಲೆ ಸೆಗಣಿ ನೀರು. ಹೋಗಿ ಬರುವ ಹುಡುಗರು ನಿಂತು ನೋಡಿದರು. ಹಸಿ ಸೊಪ್ಪನ್ನು ಒಂದು ದಿನ ಬಾಡಿಸಬೇಕು ಎಂದು ಸೇರಿಸುವ ಎಂದು ನಾನು ಬಾಯಿ ತೆರೆದೆ. ಮೂಡಬಿದ್ರೆಯವಳು ನನ್ನ ಕೈ ಹಿಡಿದು ಒತ್ತಿದಳು. ನಾನು ಹೇಳಬೇಕೆಂದಿದ್ದದ್ದನ್ನು ಹುಡುಗಿಯೇ ಮುಂದಿನ ಮಾತಿನಲ್ಲಿ ಹೇಳಿದಳು.

ಸರ್ ಒಳಗೆ ಹೋಗಿ ಹಳೆಯ ಮಾರ್ಕನ್ನು ಹೊಡೆದುಹಾಕಿ ಹೊಸದು ಬರೆದು, ಅದನ್ನು ಅವಳ ಕೈಯಲ್ಲೇ ಆಫೀಸಿಗೆ ಕಳಿಸಿದರು. ಅವಳು ಹೋದದ್ದು ನಡೆದುಕೊಂಡಲ್ಲ, ಓಡಿಕೊಂಡು. ಓಡುತ್ತಲೇ ಅಪ್ಪನಿಗೆ ಫೋನು ಹಚ್ಚಿದ್ದಳು.

ನಾನು ಸೀರೆಯ ನೆರಿಗೆ ಸರಿ ಮಾಡಿಕೊಂಡು, ಸರ್ ಈಗ ನನ್ನ ಬಗ್ಗೆ ಏನಾದರೂ ಎರಡು ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಾದು ನಿಂತೆ. ಬಂದದ್ದು ಜವಾನ, ಕೈಯಲ್ಲಿ ಹಿಡಿಸೂಡಿ.

“ಅಜ್ಜಿ, ತಪ್ಪು ನಿಮ್ಮದೇ ಅಲ್ವಾ? ನೀವೇ ಗುಡಿಸಿ.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುಡಿಸಿದೆ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗುಡಿಸಿದ್ದನ್ನು ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ. ಮತ್ತೆ ಹೊರೆ ಕಟ್ಟಿ, ತಲೆಗೆ ಇಟ್ಟುಕೊಂಡು, ಮಧ್ಯಾಹ್ನದ ಒಳಗೆ ದನ ಬಿಚ್ಚಬೇಕಿತ್ತೆಂದು ಬಸ್ಸಿಗೆ ನಡೆದೆ.