ಎಷ್ಟು ದಿನಕ್ಕೆ ನೆನಪಾಯ್ತು?

ಬೆಳಗ್ಗೆ ಐದೂ ಮುಕ್ಕಾಲು. ಕಸ ವಿಂಗಡಿಸುವ ಶೆಡ್ಡಿನ ಕಬ್ಬಿಣದ ಗೇಟು ಇನ್ನೂ ಅರ್ಧ ಮಾತ್ರ ತೆರೆದಿದೆ. ಮೊದಲ ಗಾಡಿ ಹಿಂದಕ್ಕೆ ಬಂದು, ಬೆನ್ನೆತ್ತಿ, ಊರವರು ನಿನ್ನೆ ಬೇಡವೆಂದದ್ದನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಚೀಲಗಳ ರಾಶಿಯ ಮುಂದೆ ಒಬ್ಬ ಹೆಂಗಸು ತಲೆಗೆ ಬಟ್ಟೆ ಬಿಗಿದು, ಮೊಣಕೈವರೆಗೆ ರಬ್ಬರ್ ಕೈಗವಸು ಏರಿಸಿ ನಿಂತಿದ್ದಾರೆ. ಪತ್ರಿಕೆಗೆ ಬರೆಯಲು ಬಂದ ನನಗೆ ತೋರಿಸಲೆಂದು ಒಂದು ಚೀಲ ಎತ್ತಿ, ಗಂಟು ಬಿಚ್ಚಿ, ಒಳಗೆ ಇಣುಕುತ್ತಾರೆ. "ಇದು ಗಂಡ ಹೆಂಡ್ತಿ ಇಬ್ರೇ ಇರೋ ಮನೆ," ಎನ್ನುತ್ತಾರೆ. ಇನ್ನೊಂದನ್ನು ಬಿಚ್ಚಿ, "ಇಲ್ಲಿ ಮಗೂಗೆ ಹಲ್ಲು ಬರ್ತಿದೆ." ನಾನು ಮೂಗಿಗೆ ಕರ್ಚೀಫು ಒತ್ತಿಕೊಂಡು ತಲೆಯಾಡಿಸುತ್ತೇನೆ. "ಮೂಗು ಬಿಡಿ ಸಾರ್, ಹತ್ತು ನಿಮಿಷಕ್ಕೆ ಅದೇ ಸುಮ್ನಾಗುತ್ತೆ," ಎಂದು ನಗುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಸಿಕ್ತಮ್ಮ ಎಂದು. ಎಸೆಯಬಾರದ್ದನ್ನು ಕಸಕ್ಕೆ ಎಸೆದು, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವರು ಗೇಟಿನಲ್ಲೇ ನಿಂತು "ಸಿಕ್ತಾ ಅಮ್ಮಾ, ಸಿಕ್ತಾ?" ಎಂದು ಕೇಳಿ ಕೇಳಿ ಅಂಟಿದ ಹೆಸರು. ವಯಸ್ಸು ಐವತ್ತೆಂಟು. ಹತ್ತೊಂಬತ್ತು ವರ್ಷದಿಂದ ಇದೇ ಶೆಡ್ಡು. ದಿನಕ್ಕೆ ಒಂಬತ್ತು ಟನ್ ಕಸ, ಹದಿನಾಲ್ಕು ಹೆಂಗಸರು, ಇಪ್ಪತ್ತೆರಡು ಮೀಟರ್ ಉದ್ದದ ಬೆಲ್ಟು. ಅದರ ಮೇಲೆ ಹರಿದು ಬರುವುದನ್ನು ಕಾಗದ, ಬಾಟಲಿ, ತಗಡು, ಬಟ್ಟೆ ಎಂದು ಎಂಟು ಗಂಟೆ ನಿಂತು ಬೇರೆ ಮಾಡಬೇಕು. ಅದು ಸಂಬಳದ ಕೆಲಸ. ಹುಡುಕಿಕೊಡುವುದು ಅದರಲ್ಲಿ ಸೇರಿಲ್ಲ; ಮಾಡು ಎಂದು ಯಾರೂ ಹೇಳಿಲ್ಲ, ಮಾಡಿದ್ದಕ್ಕೆ ಯಾರೂ ಬೆನ್ನು ತಟ್ಟಿಯೂ ಇಲ್ಲ. ಮಂಡಿ ಸವೆದಿದೆ, ಗಾಜು ಹೊಕ್ಕ ಎಡಗೈಯ ಕಿರುಬೆರಳು ಮಡಚುವುದಿಲ್ಲ, ಮಲಗಿದರೆ ಕೆಮ್ಮು.

ಹುಡುಕುವುದಕ್ಕೆ ಅವರದೇ ಒಂದು ದಾರಿಯಿದೆ. ಕಳೆದ ವಸ್ತು ಹೇಗಿತ್ತು ಎಂದು ಕೇಳುವುದೇ ಇಲ್ಲ. ಅದರ ಜೊತೆ ಚೀಲದಲ್ಲಿ ಇನ್ನೇನಿತ್ತು ಎಂದು ಕೇಳುತ್ತಾರೆ. "ಇಷ್ಟು ರಾಶೀಲಿ ಉಂಗುರ ಎಲ್ಲಿ ಕಾಣುತ್ತೆ? ಮನೆ ಕಾಣುತ್ತೆ. ಆದ್ರೆ ಯಾರಿಗೂ ತಮ್ಮನೆ ಕಸ ಗೊತ್ತಿರಲ್ಲ ಸಾರ್." ನಿಮ್ಮ ಮನೆಯ ನಿನ್ನೆಯ ಚೀಲದಲ್ಲಿ ಏನಿತ್ತು ಎಂದು ನನ್ನನ್ನೇ ಕೇಳಿದರು. ಟೀ ಚರಟ ಎಂದೆ. ಮುಂದಕ್ಕೆ ಏನೂ ಹೊಳೆಯಲಿಲ್ಲ. "ಅದು ಎಲ್ರ ಮನೇಲೂ ಇರುತ್ತೆ," ಎಂದು ಅವರು ಇನ್ನೊಂದು ಚೀಲಕ್ಕೆ ಕೈಹಾಕಿದರು.

ಎರಡನೇ ಪ್ರಶ್ನೆ, ಎಷ್ಟು ದಿನಕ್ಕೆ ನೆನಪಾಯ್ತು ಎಂಬುದು. ಹತ್ತೊಂಬತ್ತು ವರ್ಷ ಈ ಪ್ರಶ್ನೆ ಕೇಳಿ ಅವರಲ್ಲಿ ಒಂದು ತಿಳಿವಳಿಕೆ ಬೆಳೆದಿದೆ. "ಚಿನ್ನ ಹೋದ್ರೆ ಗಾಡಿ ತಿರುವು ದಾಟೋದ್ರೊಳಗೆ ಬರ್ತಾರೆ. ಫೋನು ಹೋದ್ರೆ ಗಾಡಿಗಿಂತ ಮುಂಚೆ ಬಂದಿರ್ತಾರೆ. ಮನೆ ಪತ್ರಕ್ಕೆ ಒಂದು ವಾರ. ಸತ್ತೋದ ತಾಯಿ ಕನ್ನಡಕಕ್ಕೆ ಒಬ್ರು ಮೂರು ತಿಂಗ್ಳಾದ್ಮೇಲೆ ಬಂದಿದ್ರು. ಏನಂತ ಹೇಳ್ಲಿ?" ಬೆಲ್ಟು ಮುಗಿಸಿದ್ದನ್ನು ಸಾಮಾನ್ಯವಾಗಿ ಅಂದಂದೇ ಯಂತ್ರಕ್ಕೆ ಹಾಕಿ ಒತ್ತಿ, ಕಟ್ಟು ಕಟ್ಟಿ ಸಾಗಿಸಿಬಿಡುತ್ತಾರೆ. ಬೇಗ ನೆನಪಾದದ್ದು ಸಿಗುತ್ತದೆ, ತಡವಾದದ್ದು ಇಲ್ಲ.

ಏಳು ಗಂಟೆಗೆ ಒಬ್ಬರು ಬರುತ್ತಾರೆ. ಔಷಧಿ ಅಂಗಡಿಯ ಮಾಲೀಕರು, ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಅವರ ತಂದೆ ಕಿವಿಯ ಮಷೀನನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಡುವ ರೂಢಿ. ಮೇಜು ಒರೆಸಿದವರು ಅದನ್ನು ಮುದುಡಿದ ಕಾಗದ ಎಂದುಕೊಂಡು ಬುಟ್ಟಿಗೆ ಹಾಕಿದ್ದಾರೆ.

"ಎಷ್ಟು ದಿನ ಆಯ್ತು?"

"ನಾಲ್ಕು ದಿನ. ನಮಗೆ ಗೊತ್ತಾಗಿದ್ದು ನಿನ್ನೆ ಸಂಜೆ. ನನ್ನ ಮಗಳು ಏನೋ ಕೇಳಿದ್ಲು, ಅವ್ರು ತಿರುಗಿ ನೋಡ್ಲಿಲ್ಲ."

"ಅಲ್ಲೀವರೆಗೆ ಯಾರೂ ಮಾತಾಡ್ಸಿರ್ಲಿಲ್ವಾ?"

ಅವರು ಕೈಯಲ್ಲಿದ್ದ ಬೀಗದ ಕೈ ತಿರುಗಿಸುತ್ತ ನಿಂತರು. "ಮನೇಲಿ ಆರು ಜನ ಇದೀವಮ್ಮ," ಎಂದರು.

"ಅವ್ರಾದ್ರೂ ಹೇಳ್ಬಾರ್ದಿತ್ತಾ?"

"ಚೀಟೀಲಿ ಬರೆದು ಕೇಳಿದ್ವಿ. ಕೇಳಿಸ್ಕೊಳ್ಳೋಂಥದ್ದು ಏನೂ ಇರ್ಲಿಲ್ಲ, ಅದಕ್ಕೇ ಸುಮ್ನಿದ್ದೆ ಅಂದ್ರು."

ಅದೃಷ್ಟಕ್ಕೆ, ಕಸ ಒತ್ತುವ ಯಂತ್ರ ಕೆಟ್ಟು ಐದು ದಿನವಾಗಿದೆ; ಬೆಲ್ಟೂ ನಿಂತಿದೆ. ಆ ಐದು ದಿನದ ಕಸವೆಲ್ಲ ಹಿಂದಿನ ಅಂಗಳದಲ್ಲಿ ಚೀಲ ಬಿಚ್ಚದೆ ಹಾಗೇ ಬಿದ್ದಿದೆ. ರಿಪೇರಿಯವರು ಹತ್ತು ಗಂಟೆಗೆ ಬರುತ್ತಾರೆ. ಮಾಲೀಕರು ಮೂರು ಸಲ ಮನೆಗೆ ಫೋನು ಮಾಡಿ ಚೀಲದಲ್ಲಿ ಇನ್ನೇನಿತ್ತು ಎಂದು ಕೇಳಿದರು. ಮೊದಲೆರಡು ಸಲ ಮನೆಯವರಿಗೂ ಗೊತ್ತಿಲ್ಲ. ಮೂರನೇ ಸಲ ಹೆಂಡತಿಗೆ ನೆನಪಾಯಿತು: ಒಡೆದ ಬಲ್ಬು, ಮಗಳ ಹಳೇ ಲೆಕ್ಕದ ಪುಸ್ತಕ. ಸಿಕ್ತಮ್ಮ ನಾಲ್ಕು ದಿನ ಹಿಂದಿನ ರಾಶಿಗೆ ಇಳಿದರು. ಇಸ್ತ್ರಿ ಅಂಗಿಯವರೂ ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ತೋಳು ಮಡಚಿ ಇಳಿದರು. ನಾನೂ ಕರ್ಚೀಫು ಜೇಬಿಗೆ ಸೇರಿಸಿದೆ.

ಒಂಬತ್ತೂ ಕಾಲಿಗೆ ಲೆಕ್ಕದ ಪುಸ್ತಕ ಸಿಕ್ಕಿತು, ಅದರ ಕೆಳಗೆ ಬಲ್ಬಿನ ಚೂರು, ಅದರ ಕೆಳಗೆ ಮುದುಡಿದ ಕಾಗದ. ಆ ಚೀಲದ ಮೇಲೆ ಗಾಡಿಯ ಚಕ್ರ ಹಾದಿತ್ತು. ಮಷೀನು ಮೂರು ತುಂಡು. ಮಾಲೀಕರು ಅವನ್ನು ಅಂಗೈಯಲ್ಲಿ ಕೂಡಿಸಿ ಕೂಡಿಸಿ ನೋಡಿದರು. "ಹೊಸದು ತಂದ್ಬಿಡ್ತೀನಿ," ಎಂದರು.

"ತನ್ನಿ. ಅದು ಬರೋವರೆಗೆ ಹತ್ರ ಕೂತು ಜೋರಾಗಿ ಮಾತಾಡ್ಸಿ. ಕೇಳ್ಸುತ್ತೆ ಅವ್ರಿಗೆ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಮನೆ ತುಂಬ ಜನ ಇಟ್ಟುಕೊಂಡು ನಾಲ್ಕು ದಿನ ಒಂದು ಮಾತಿಗೆ ಗತಿಯಿಲ್ಲವೇ, ಎಂಥ ಜನ ಇವರು ಎಂದು ಸಿಟ್ಟಿನಲ್ಲಿ ಅಂದುಬಿಟ್ಟೆ.

"ಹಾಗನ್ಬೇಡಿ ಸಾರ್," ಎಂದರು ಸಿಕ್ತಮ್ಮ. "ನಂದು ಹನ್ನೊಂದು ದಿನ."

ಟೀ ಬಿಡುವಿನಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಹೇಳಿದ್ದು ಇದು. ಅವರಿಗೊಬ್ಬಳು ಮಗಳಿದ್ದಳು. ನಾಲ್ಕು ವರ್ಷಕ್ಕೆ ಜ್ವರದಲ್ಲಿ ಹೋದಳು, ಇಪ್ಪತ್ತೇಳು ವರ್ಷವಾಯಿತು. ಉಳಿದದ್ದು ಒಂದು ಹಳದಿ ಫ್ರಾಕು. ಕವರಿನಲ್ಲಿ ಸುತ್ತಿ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದರು. ಆರು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸುವಾಗ ನೆರವಿಗೆಂದು ಬಂದ ನಾದಿನಿ ಹಳೇ ಬಟ್ಟೆಗಳ ಜೊತೆ ಅದನ್ನೂ ಕಸಕ್ಕೆ ಹಾಕಿದಳು. "ಅವಳದೇನು ತಪ್ಪು? ನಾನು ಯಾರಿಗೂ ಹೇಳಿರ್ಲಿಲ್ಲ." ಅವರ ಬೀದಿಯ ಗಾಡಿ ಬರುವುದು ಇದೇ ಶೆಡ್ಡಿಗೆ.

"ಬೆಲ್ಟ್ ಮೇಲೆ ಬಂತು ಸಾರ್. ನನ್ನ ಕೈಗೇ ಬಂತು. ಬೆಲ್ಟ್ ಮುಂದೆ ನಿಂತ್ರೆ ಬಟ್ಟೆ ಕಾಣಲ್ಲ, ನಂಬರ್ ಕಾಣುತ್ತೆ. ಒಂದನೇ ನಂಬರು ಉಡೋಕೆ, ಎರಡನೇದು ಹಾಸೋಕೆ, ಮೂರನೇದು ಒರೆಸೋಕೆ. ಹಳದಿ ಫ್ರಾಕು, ಪೇಂಟು ಮೆತ್ತಿತ್ತು, ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಮೂರನೇದು ಅಂತ ಹಾಕ್ದೆ. ಆ ಹೊಲಿಗೆ ಹಾಕಿದ್ದು ನಾನೇ."

ಹನ್ನೊಂದನೇ ದಿನ ಬೀರು ತೆರೆದರು. "ಅದನ್ನ ನೋಡೋಕೂ ಅಲ್ಲ ಸಾರ್. ಕಂಬಳಿ ಇಡೋಕೆ." ಅರೆ ಖಾಲಿಯಿತ್ತು. ಆಗ ಕೈಗೆ ನೆನಪಾಯಿತಂತೆ, ಬೆಲ್ಟಿನ ಮುಂದೆ ಹಿಡಿದದ್ದು ಏನೆಂದು. ಓಡಿ ಬಂದರು. ಅಷ್ಟರಲ್ಲಿ ಮೂರನೇ ನಂಬರಿನ ಮೂಟೆಗಳು ಹೋಗಿ ವಾರದ ಮೇಲಾಗಿತ್ತು. "ಅವತ್ತು ಗೇಟ್ ಹತ್ರ ನಿಂತು, ಸಿಕ್ತಾ ಅಂತ ಯಾರನ್ನ ಕೇಳ್ಲಿ?" ಎಂದು ಅವರು ಲೋಟ ಕೆಳಗಿಟ್ಟರು.  

ಮುಂದಿನ ತಿಂಗಳಿಂದ ಹೊಸ ಗಾಡಿಗಳು ಬರುತ್ತವೆ. ಬೀದಿಯಲ್ಲೇ, ಗಾಡಿಯೊಳಗೇ ಕಸವನ್ನು ಒತ್ತಿ ಗಟ್ಟಿ ಮಾಡಿಬಿಡುವ ಗಾಡಿಗಳು. ಇಡೀ ಚೀಲ ಒಂದೂ ಇಲ್ಲಿಗೆ ತಲುಪುವುದಿಲ್ಲ. ಒಂದು ಗಾಡಿಯನ್ನಾದರೂ ಹಳೇ ತರಹದ್ದು ಉಳಿಸಿ ಎಂದು ಸಿಕ್ತಮ್ಮ ಮೇಲಿನವರ ಹತ್ತಿರ ಎರಡು ಸಲ ಹೋಗಿ ಕೇಳಿದ್ದಾರೆ. ಅವರು ನಕ್ಕು ಕಳಿಸಿದ್ದಾರೆ. ಇನ್ನು ಮೇಲೆ ಗೇಟಿನಲ್ಲಿ ಬಂದು ನಿಂತವರಿಗೆ ಇಲ್ಲ ಎಂದು ಹೇಳುವುದಷ್ಟೇ ಸಿಕ್ತಮ್ಮನ ಪಾಲಿಗೆ ಉಳಿಯುವ ಕೆಲಸ.

ಹೊರಗೆ ರಿಪೇರಿಯವರ ಗಾಡಿ ಬಂತು. ಐದು ದಿನ ಸುಮ್ಮನಿದ್ದ ಯಂತ್ರ ಸ್ವಲ್ಪ ಹೊತ್ತಿಗೆ ಗುಡುಗಲು ಶುರುವಿಟ್ಟಿತು. ಸಿಕ್ತಮ್ಮ ಕೈಗವಸು ಏರಿಸಿಕೊಳ್ಳುತ್ತ ಎದ್ದರು. ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಇಂಥ ಬರಹಕ್ಕೆ ಕೊನೆಗೆ ಕೇಳುವ ಮಾಮೂಲು ಪ್ರಶ್ನೆ, ಕೇಳಿದ ಮೇಲೆ ನಾಚಿಕೆಯಾಯಿತು.

"ಮೂರನೇ ನಂಬರ್ ಬಟ್ಟೆ ಕತ್ತರಿಸಿ ಗ್ಯಾರೇಜುಗಳಿಗೆ ಕಳಿಸ್ತಾರೆ, ಕೈ ಒರೆಸ್ಕೊಳ್ಳೋಕೆ," ಎಂದರು. "ಮನೆಗೆ ಹೋಗೋ ದಾರೀಲಿ ನಾಲ್ಕು ಗ್ಯಾರೇಜಿದೆ. ಮೆಕ್ಯಾನಿಕ್‌ಗಳ ಕೈ ನೋಡ್ಕೊಂಡೇ ಹೋಗ್ತೀನಿ. ಹಳದಿ ಕಂಡ್ರೆ ನಿಂತ್ಬಿಡ್ತೀನಿ. ಒಂದು ಚೂರು ಸಿಕ್ಕಿದ್ರೆ ಸಾಕು ಸಾರ್. ಎಣ್ಣೆ ಮೆತ್ತಿದ್ರೂ ಪರವಾಗಿಲ್ಲ, ಒಗೆದಿಟ್ಕೋತೀನಿ."